ಸಮನ್ವಯ ಶಿಕ್ಷಣ ತರಬೇತಿ: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ವಿಕಲಚೇತನ ಮಕ್ಕಳಿಗೂ ಎಲ್ಲರ ಜೊತೆಗೇ ಕಲಿಸುವ ಸಮನ್ವಯ ಶಿಕ್ಷಣದ ಮೂರು ದಿನಗಳ ತರಬೇತಿಗೆ ತಾವು ನಿಯೋಜನೆಗೊಂಡಿದ್ದೀರಿ. ಇದು ತಾವಾಗಿ ಕೇಳಿ ಪಡೆದದ್ದಲ್ಲ, ಬೇಡವೆಂದು ಹಿಂದಿರುಗಿಸುವ ಹಾಗೂ ಇಲ್ಲ. ಆದಕಾರಣ ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳುವುದು. ಓದಿದ ಬಗ್ಗೆ ಸಹಿ ಮಾಡಿ ಒಂದು ಪ್ರತಿಯನ್ನು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಅವರಿಗೆ ತಲುಪಿಸುವುದು. ಓದದೆಯೂ ಸಹಿ ಮಾಡಬಹುದು; ಹಿಂದಿನ ತರಬೇತಿಗಳ ಅನುಭವ ತಮಗಿದ್ದೇ ಇದೆ.

ಲಭ್ಯವಿರುವ ಮಾದರಿಗಳು

ವಸತಿಸಹಿತ, ವಸತಿರಹಿತ, ಆನ್‌ಲೈನ್ ಎಂದು ಮೂರು ಬಗೆ. ವಸತಿಸಹಿತದಲ್ಲಿ ಹೊದಿಕೆ, ತಟ್ಟೆ, ಲೋಟ ತಾವೇ ತರಬೇಕು. ಆನ್‌ಲೈನ್ ಮಾದರಿ ದೀಕ್ಷಾ ಆ್ಯಪಿನಲ್ಲಿ ಸಿಗುತ್ತದೆ. 2019ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ‘ನಿಷ್ಠಾ’ ಶಿಕ್ಷಕ ತರಬೇತಿ ಶುರು ಮಾಡಿದಾಗ ಸುಮಾರು 42 ಲಕ್ಷ ಶಿಕ್ಷಕರನ್ನೂ ಮುಖ್ಯ ಶಿಕ್ಷಕರನ್ನೂ ತಲುಪುವ ಗುರಿಯಿತ್ತು. ಮರುವರ್ಷ ಕೊರೊನಾ ಬಂತು, ತರಬೇತಿ ಮೊಬೈಲಿಗೆ ಇಳಿಯಿತು, ಮೊಬೈಲು ಅಡುಗೆಮನೆಯ ಅಕ್ಕಿಡಬ್ಬಿಗೆ ಒರಗಿತು. ವಿಡಿಯೊ ತನ್ನ ಪಾಡಿಗೆ ತಾನು ಓಡುತ್ತಿರುವಾಗ ಸಾರಿಗೆ ಒಗ್ಗರಣೆ ಬಿದ್ದಿರುವುದೂ ಉಂಟು. ಅದೇ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಅಭಿವೃದ್ಧಿಯಲ್ಲಿ ತೊಡಗಬೇಕು ಎಂದಿತು. ಗಂಟೆ ಎಣಿಸುವುದು ಸುಲಭ. ಹಾಗಾಗಿ ಎಣಿಕೆ ಸರಿಯಾಗಿಯೇ ನಡೆದಿದೆ.

ಈ ಕೈಪಿಡಿ ವಸತಿರಹಿತ ಮಾದರಿಗೆ ಸಂಬಂಧಿಸಿದ್ದು.

ಪೆಟ್ಟಿಗೆಯಲ್ಲಿ ಏನೇನಿದೆ

ಪ್ಲಾಸ್ಟಿಕ್ ಬಟನ್ ಫೈಲ್ ಒಂದು. ನೋಟ್‌ಪ್ಯಾಡ್ ಒಂದು. ಎರಡನೇ ದಿನದ ಮಧ್ಯಾಹ್ನಕ್ಕೆ ಬರೆಯುವುದನ್ನು ನಿಲ್ಲಿಸುವ ಪೆನ್ನು ಒಂದು. ಮತ್ತು ಮಾಡ್ಯೂಲ್. ಇದು ಜೆರಾಕ್ಸಿನ ಜೆರಾಕ್ಸು. ಪುಟದ ಅಂಚುಗಳು ಮಸಿಗಟ್ಟಿ, ನಡುವಿನ ಸಾಲುಗಳು ಮಾಸಿವೆ. ದೃಷ್ಟಿದೋಷವುಳ್ಳ ಮಕ್ಕಳಿಗೆ ದಪ್ಪಕ್ಷರದ, ಸ್ಪಷ್ಟ ಮುದ್ರಣದ ಸಾಮಗ್ರಿ ಒದಗಿಸಬೇಕೆಂದು ಹೇಳುವ ಅಧ್ಯಾಯವನ್ನು ಓದಬೇಕಾದರೆ ಕಿಟಕಿಯ ಹತ್ತಿರ ಹೋಗಿ ನಿಲ್ಲುವುದು.

ಮಾಡ್ಯೂಲಿನ ಹೆಚ್ಚು ಪುಟಗಳನ್ನು ಕಾಯ್ದೆ ತಿಂದಿದೆ. ಅಂಗವಿಕಲರಿಗಾಗಿ 1995ರಲ್ಲಿ ಬಂದ ಕಾಯ್ದೆಯಲ್ಲಿ ಏಳು ಬಗೆಯ ನ್ಯೂನತೆಗಳಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ತಲಸ್ಸೀಮಿಯಾ, ಹಿಮೋಫಿಲಿಯಾ, ಆಸಿಡ್ ದಾಳಿಗೆ ಒಳಗಾದವರು, ಕಲಿಕೆಯಲ್ಲಿನ ನಿರ್ದಿಷ್ಟ ನ್ಯೂನತೆ, ಎಲ್ಲವೂ ಇದರಲ್ಲಿ ಬಂದವು. ಬರಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಮೊದಲ ದಿನ ಊಟಕ್ಕೆ ಮುಂಚೆ 21ನ್ನೂ ಕ್ರಮವಾಗಿ ಒಪ್ಪಿಸಿದವರಿಗೆ ಚಪ್ಪಾಳೆ ತಟ್ಟಲಾಗುವುದು. ಊಟದ ನಂತರದ ಅವಧಿಯ ವಿಷಯ: ಮಕ್ಕಳಿಂದ ಬಾಯಿಪಾಠ ಮಾಡಿಸುವುದರ ದುಷ್ಪರಿಣಾಮಗಳು.

ಚಾಲನೆಗೆ ಮುನ್ನ

ಆದೇಶವು ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿ ಊಟವಾದ ಮೇಲೆ ಬರುತ್ತದೆ. ‘ನಾಳೆ ಬೆಳಿಗ್ಗೆ 9.30ಕ್ಕೆ ತಪ್ಪದೇ ಹಾಜರಾಗತಕ್ಕದ್ದು. ಗೈರುಹಾಜರಾದಲ್ಲಿ ತಮ್ಮನ್ನೇ ನೇರ ಹೊಣೆಗಾರರನ್ನಾಗಿಸಲಾಗುವುದು.’ ಕೂಡಲೇ ಮುಗಿದ ಕೈಗಳ ಇಮೋಜಿ ಹಾಕುವುದು. ಪ್ರಶ್ನೆ ಹಾಕಬಾರದು; ಗುಂಪಿನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಾಹೇಬರಿದ್ದಾರೆ.

ತಾವು ಇಬ್ಬರೇ ಶಿಕ್ಷಕರಿರುವ ಶಾಲೆಯವರಾದರೆ ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು. ತಾವು ಅನ್ಯಕಾರ್ಯ ನಿಮಿತ್ತ (ಒಒಡಿ) ಹೊರಟರೆ ಉಳಿಯುವುದು ಒಬ್ಬರು, ಐದು ತರಗತಿ, ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ಮಾಹಿತಿಯ ಎಸ್‌ಎಟಿಎಸ್ ಎಂಟ್ರಿ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಅದೇ ಕಾಯ್ದೆಯ 27ನೇ ಕಲಂ ಹೇಳುತ್ತದೆ. ತರಬೇತಿಗೆ ಆ ಕಲಂ ಅಡ್ಡಬರುವುದಿಲ್ಲ, ಅದು ಶಿಕ್ಷಣದ್ದೇ ಕೆಲಸ. ಆದರೆ ಎಲ್ಲರನ್ನೂ ಒಳಗೊಳ್ಳುವ ತರಗತಿಯ ಬಗ್ಗೆ ತಾವು ಕಲಿಯುತ್ತಿರುವ ಆ ಮೂರು ದಿನ ತಮ್ಮ ತರಗತಿಯಲ್ಲಿ ನಿಧಾನವಾಗಿ ಕಲಿಯುವ ಮಗುವಿನ ಹತ್ತಿರ ಕೂರಲು ಯಾರೂ ಇರುವುದಿಲ್ಲ. ಈ ಸಂಗತಿಯನ್ನು ಪ್ರಶ್ನೋತ್ತರ ಅವಧಿಯಲ್ಲಿ ಎತ್ತಬಾರದು. ಆ ಅವಧಿಯನ್ನು ಸಾಮಾನ್ಯವಾಗಿ ಸಮಯದ ಅಭಾವದಿಂದ ಕೈಬಿಡಲಾಗುತ್ತದೆ.

ಚಾಲನೆ: ಮೊದಲ ದಿನ

ತರಬೇತಿ ಸಭಾಂಗಣ ಮೊದಲ ಮಹಡಿಯಲ್ಲಿದೆ. ಮೆಟ್ಟಿಲಿಗೆ ಹಿಡಿಕಂಬಿಯಿಲ್ಲ. ಪೋಲಿಯೊ ಆಗಿ ಕಾಲಿಗೆ ಕ್ಯಾಲಿಪರ್ ಹಾಕಿಕೊಳ್ಳುವ ಮೇಷ್ಟ್ರೊಬ್ಬರು ಗೋಡೆಗೆ ಕೈಕೊಟ್ಟು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಾರೆ. ಅಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತದೆ. ‘ಲೇಟಾಗಿ ಬಂದವರ ಗಮನಕ್ಕೆ’ ಎಂದು ಮೈಕಿನಲ್ಲಿ ಹೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ. ರೂಢಿಯಾಗಿದೆ.

ಈಗ ಕೂತಲ್ಲಿಂದಲೇ ಒಮ್ಮೆ ಸುತ್ತ ನೋಡಿ. ಕೈಪಿಡಿಯ ಮುಖ್ಯ ಭಾಗ ಇದು. ಅರವತ್ತು ಮಂದಿ ಶಿಕ್ಷಕರು. ಮೂರನೇ ಸಾಲಿನಲ್ಲಿ ನಿವೃತ್ತಿಗೆ ಹತ್ತಿರವಿರುವ ಮೇಡಂ; ಕಣ್ಣಿನ ಪೊರೆ ಆಪರೇಷನ್ ಒಂದು ಕಣ್ಣಿಗಾಗಿದೆ, ಇನ್ನೊಂದು ಬಾಕಿ. ಗೋಡೆ ಪಕ್ಕದಲ್ಲಿ ಎಂಟು ತಿಂಗಳ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ. ಬಾಗಿಲ ಹತ್ತಿರದ ಜಾಗ ಸಿಕ್ಕಿದ್ದರೆ ಎದ್ದು ಹೋಗಿಬರಲು ಅನುಕೂಲವಿತ್ತು. ಉರ್ದು ಶಾಲೆಯಿಂದ ಬಂದ ಇಬ್ಬರು ಕನ್ನಡ ಮಾತಾಡುತ್ತಾರೆ, ಆದರೆ ಇಲಾಖೆಯ ಕನ್ನಡ ಓದುವುದು ನಿಧಾನ. (ನಮಗೂ ನಿಧಾನವೇ.) ಕೊನೆಯ ಬೆಂಚಿನವರೊಬ್ಬರಿಗೆ ಎಡಗಿವಿ ಮಂದ, ಯಾರಿಗೂ ಹೇಳಿಲ್ಲ. ಪಕ್ಕದವರು ಬಿ.ಇಡಿ. ಮುಗಿಸಿ ಹೋದ ವರ್ಷವಷ್ಟೇ ಸೇರಿದವರು, ಇದನ್ನೆಲ್ಲ ಪರೀಕ್ಷೆಗೆ ಓದಿಕೊಂಡಿದ್ದಾರೆ, ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದಾರೆ.

ಮಾಡ್ಯೂಲಿನ ಚಿತ್ರದಲ್ಲಿರುವ ತರಗತಿ ಎಂದರೆ ಇದೇ. ಕಾಣದವರು, ಕೇಳದವರು, ಹತ್ತಲಾರದವರು, ಬೇರೆ ಭಾಷೆಯವರು, ಮೊದಲೇ ಗೊತ್ತಿರುವವರು, ಎಲ್ಲರೂ ಒಂದೇ ಕೋಣೆಯಲ್ಲಿದ್ದಾರೆ. ಸಮನ್ವಯ ಶಿಕ್ಷಣ ಕಲಿಸಲು ಇದಕ್ಕಿಂತ ಒಳ್ಳೆಯ ಉಪಕರಣ ಇಲಾಖೆಯ ಬಳಿ ಇಲ್ಲ. ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿ, ಅಂದರೆ ಆರ್‌ಪಿಯವರು, ಪರದೆಯ ಕಡೆ ತಿರುಗಿ ಸ್ಲೈಡ್ ಓದಲು ಶುರು ಮಾಡುತ್ತಾರೆ.

‘ಸರ್, ಹಿಂದಿನವರಿಗೆ ಕೇಳಿಸ್ತಾ ಇಲ್ಲ.’

‘ಮುಂದೆ ಬಂದು ಕೂತ್ಕೊಳ್ಳಿ ಮೇಡಂ.’

‘ಮುಂದೆ ಜಾಗ ಇಲ್ಲ ಸರ್.’

‘ಹಾಗಾದ್ರೆ ಪಿಪಿಟಿ ಗ್ರೂಪಿಗೆ ಹಾಕ್ತೀನಿ ಬಿಡಿ.’

ಆರ್‌ಪಿಯವರನ್ನು ಬೈಯಬೇಡಿ. ಅವರೂ ತಮ್ಮ ಹಾಗೆ ಒಂದು ಶಾಲೆಯ ಶಿಕ್ಷಕರು. ರಾಜ್ಯಮಟ್ಟದಲ್ಲಿ ಯಾರೋ ಜಿಲ್ಲೆಯವರಿಗೆ ಹೇಳಿ, ಜಿಲ್ಲೆಯವರು ಇವರಿಗೆ ಹೇಳಿ, ಇವರು ತಮಗೆ ಹೇಳುತ್ತಿದ್ದಾರೆ. ಹಂತ ಇಳಿದಂತೆ ದಿನ ಕಡಿಮೆಯಾಗುತ್ತದೆ, ಉದಾಹರಣೆ ಉದುರುತ್ತದೆ, ಸ್ಲೈಡ್ ಮಾತ್ರ ಒಂದೂ ಕಡಿಮೆಯಾಗುವುದಿಲ್ಲ. ತಮ್ಮ ಶಾಲೆಯ ಮಕ್ಕಳ ಎದುರು ಇವರು ಹೀಗೆ ಗೋಡೆಗೆ ಪಾಠ ಮಾಡುವವರಲ್ಲ. ಬೇಕಿದ್ದರೆ ಚಹಾ ಬಿಡುವಿನಲ್ಲಿ ಮಾತಾಡಿಸಿ ನೋಡಿ. ತಮ್ಮ ತರಗತಿಯಲ್ಲಿ ಮಾತೇ ಆಡದಿದ್ದ ಹುಡುಗನೊಬ್ಬ ಶಾಲೆಯ ಗಂಟೆ ಬಾರಿಸುವ ಕೆಲಸ ಕೊಟ್ಟ ಮೇಲೆ ‘ಸಾ, ಟೈಮಾಯ್ತು’ ಅಂದ ಕಥೆ ಹೇಳುತ್ತಾರೆ. ಅದು ಸ್ಲೈಡಿನಲ್ಲಿಲ್ಲ. ಆದ್ದರಿಂದ ಬಿಸ್ಕತ್ತಿನ ಸಮಯವನ್ನು ತರಬೇತಿಯ ಅವಧಿಯೆಂದೇ ತಿಳಿದು ಪೂರ್ತಿ ಬಳಸಿಕೊಳ್ಳುವುದು.

ಚಾರ್ಟ್ ಪೇಪರ್ ಘಟಕ

ಎರಡನೇ ದಿನ ತಮ್ಮನ್ನು ಗುಂಪುಗಳಾಗಿ ವಿಂಗಡಿಸಿ ನದಿಗಳ ಹೆಸರಿಡಲಾಗುವುದು. ಕಾವೇರಿ ತಂಡದವರು ಹಳದಿ ಚಾರ್ಟಿನ ಮೇಲೆ ‘ಸಮನ್ವಯ ಶಿಕ್ಷಣದ ಸವಾಲುಗಳು’ ಎಂದು ಬರೆದು ಸುತ್ತ ಬಳ್ಳಿ ಬಿಡಿಸುವುದು. ಅಕ್ಷರ ಚೆನ್ನಾಗಿರುವವರು ಬರೆಯುವುದು, ಮಾತು ಚೆನ್ನಾಗಿರುವವರು ಮಂಡಿಸುವುದು, ಉಳಿದವರು ಹಿಂದೆ ನಿಂತು ಚಾರ್ಟಿನ ತುದಿ ಹಿಡಿದುಕೊಳ್ಳುವುದು. ಹಿಡಿದುಕೊಂಡವರಿಗೆ ಈ ವಿಷಯದಲ್ಲಿ ಏನು ಗೊತ್ತಿತ್ತು ಎಂಬುದು ಕೊನೆಗೂ ತಿಳಿಯುವುದಿಲ್ಲ. ಮುಗಿದ ಚಾರ್ಟುಗಳನ್ನು ಸುರುಳಿ ಸುತ್ತಿ ಬ್ಲಾಕ್ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಅಟ್ಟಕ್ಕೆ ಸೇರಿಸಲಾಗುವುದು.

ತಮ್ಮಲ್ಲಿ ಈಗಾಗಲೇ ಇರುವ ಬಿಡಿಭಾಗಗಳು

ಎರಡನೇ ದಿನದ ಮಧ್ಯಾಹ್ನ ‘ಡಿಫರೆನ್ಶಿಯೇಟೆಡ್ ಇನ್‌ಸ್ಟ್ರಕ್ಷನ್’ ಎಂಬ ಹೊಸ ಸಾಮಾನನ್ನು ತಮಗೆ ಪರಿಚಯಿಸಲಾಗುತ್ತದೆ. ಒಂದೇ ತರಗತಿಯ ಮಕ್ಕಳು ಬೇರೆ ಬೇರೆ ವೇಗದಲ್ಲಿ ಕಲಿಯುತ್ತಾರೆ, ಅವರವರಿಗೆ ತಕ್ಕಂತೆ ಚಟುವಟಿಕೆ ಕೊಡಿ ಎಂಬುದು ಸಾರಾಂಶ. ಒಂದನೇ ತರಗತಿ ತೆಗೆದುಕೊಳ್ಳುವ ಮೇಡಂಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಅವರು ದಿನವೂ ಪಾಠ ಮಾಡುವ ನಲಿ-ಕಲಿ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಹುಟ್ಟಿತು. ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಕೂತು ಕಲಿಕಾ ಕಾರ್ಡುಗಳನ್ನು ಬರೆದರು. 2009-10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಮಕ್ಕಳು ಸಾಲಾಗಿ ಕೂರುವುದಿಲ್ಲ, ತಟ್ಟೆಗಳಲ್ಲಿ ಕೂರುತ್ತಾರೆ: ಶಿಕ್ಷಕರ ಪೂರ್ಣ ಸಹಾಯ ಬೇಕಾದವರದು ಒಂದು ತಟ್ಟೆ, ಅರ್ಧ ಸಹಾಯ ಸಾಕಾದವರದು ಇನ್ನೊಂದು, ಸಹಪಾಠಿಯಿಂದ ಕಲಿಯುವವರದು ಬೇರೆ, ತಾವೇ ಕಲಿಯುವವರದು ಬೇರೆ. ಇವತ್ತು ಪೂರ್ಣ ಸಹಾಯದ ತಟ್ಟೆಯಲ್ಲಿದ್ದವಳು ನಾಳೆ ಬೇರೆ ಕಾರ್ಡಿಗೆ ಸಹಪಾಠಿಯ ತಟ್ಟೆಗೆ ಹೋಗುತ್ತಾಳೆ. ಹತ್ತು ದಿನ ಜ್ವರ ಬಂದು ಮಲಗಿದ್ದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಕಲಿಕಾ ಏಣಿ ಹತ್ತುತ್ತದೆ. ಕಪ್ಪುಹಲಗೆ ಗೋಡೆಯ ಕೆಳಭಾಗದಲ್ಲಿ ಮಗುವಿನ ಕೈಗೆ ಎಟಕುವಂತೆ ಇರುತ್ತದೆ. ಮಕ್ಕಳು ಮಾಡಿದ ಚಿತ್ರ ತಲೆಯ ಮೇಲಿನ ದಾರದ ಚಪ್ಪರದಲ್ಲಿ ತೂಗಾಡುತ್ತದೆ.

ಇದರಲ್ಲಿ ಕೊರತೆಯಿಲ್ಲವೆಂದಲ್ಲ. ಎಷ್ಟೋ ಕಡೆ ತಟ್ಟೆ ಬರೀ ಕೂರುವ ಜಾಗವಾಗಿದೆ, ಕಾರ್ಡಿನ ಸಂಖ್ಯೆ ದಾಟಿಸುವುದೇ ಪಾಠವಾಗಿದೆ, ಒಂದೇ ಕಾರ್ಡಿನಲ್ಲಿ ತಿಂಗಳುಗಟ್ಟಲೆ ನಿಂತುಬಿಟ್ಟ ಮಗುವನ್ನು ಯಾಕೆ ನಿಂತಿದ್ದೀಯ ಎಂದು ಕೇಳಿದವರಿಲ್ಲ. ಆದರೂ ಮೂವತ್ತು ವರ್ಷದ ಹಿಂದೆ ನಮ್ಮ ಶಿಕ್ಷಕರೇ ಮಾಡಿದ್ದನ್ನು ಬದಿಗಿಟ್ಟು, ಅದನ್ನೇ ನಮಗೆ ಹೊಸದಾಗಿ ಹೇಳಿಕೊಡಲು ಮೂರು ದಿನ ಖರ್ಚು ಮಾಡುವುದು ಯಾಕೆಂದು ನನಗೆ ಅರ್ಥವಾಗಿಲ್ಲ. ನಿಂತ ಮಗು ಯಾಕೆ ನಿಂತಿತು ಎಂದು ಹುಡುಕುವುದನ್ನು ಹೇಳಿಕೊಟ್ಟರೆ ಸಾಕಿತ್ತು.

ಅಲ್ಲಿಯೂ ಒಂದು ಎಚ್ಚರಿಕೆ. ಕಲಿಕಾ ನ್ಯೂನತೆಯ ಅಧ್ಯಾಯದಲ್ಲಿ ಮಗು ಇಂಗ್ಲಿಷಿನ ಬಿ ಅಕ್ಷರವನ್ನು ಡಿ ಎಂದು ಓದುತ್ತದೆ ಎಂಬ ಉದಾಹರಣೆಯಿದೆ. ನಮ್ಮ ಮಕ್ಕಳು ಎಡವುವ ಜಾಗ ಬೇರೆ: ‘ಮ’ ಮತ್ತು ‘ವ’, ಒಂದು ಸೀಳು, ಒಂದು ಚುಕ್ಕೆಯಲ್ಲಿ ಬೇರೆಯಾಗುವ ‘ದ’, ‘ಧ’, ‘ಥ’, ದೀರ್ಘ, ಎಲ್ಲಕ್ಕಿಂತ ಹೆಚ್ಚಾಗಿ ಒತ್ತಕ್ಷರ. ಮಾಡ್ಯೂಲಿನಲ್ಲಿ ಒತ್ತಕ್ಷರದ ಸುದ್ದಿಯಿಲ್ಲ.

ಶಾಲೆಗೆ ಮರಳಿದ ಮೇಲೆ ಬಳಸುವ ಬಗೆ

ಮೂರನೇ ತರಗತಿಯಲ್ಲಿ ಒಬ್ಬಳು ಹುಡುಗಿ. ಕನ್ನಡಕವಿದೆ, ಆದರೂ ಪುಸ್ತಕವನ್ನು ಮೂಗಿನ ತುದಿಗೆ ಹಿಡಿದು ಓದುತ್ತಾಳೆ. ತಾವು ಆಗಲೇ ಮುಂದಿನ ಸಾಲಿನಲ್ಲಿ ಕೂರಿಸಿದ್ದೀರಿ, ಮಾಡ್ಯೂಲೂ ಹಾಗೇ ಹೇಳುತ್ತದೆ. ಆದರೂ ನೋಟ್‌ಬುಕ್ಕಿನಲ್ಲಿ ‘ಹಳ್ಳಿ’ ‘ಹಳಿ’ಯಾಗಿದೆ, ‘ಅಮ್ಮ’ ‘ಅಮ’ ಆಗಿದ್ದಾಳೆ. ಪ್ರಗತಿಪತ್ರದಲ್ಲಿ ‘ಗಮನ ಸಾಲದು’ ಎಂದು ಬರೆಯುವ ಮುಂಚೆ ಅವಳ ಜಾಗದಲ್ಲಿ ಅವಳ ಎತ್ತರಕ್ಕೆ ಕೂತು ಹಲಗೆ ನೋಡಿ. ಬೇಸಿಗೆ ರಜೆಯಲ್ಲಿ ಎನಾಮಲ್ ಪೇಂಟ್ ಬಳಿಸಿದ ಹಲಗೆ. ಬೆಳಿಗ್ಗೆ ಬಾಗಿಲಿನಿಂದ ಬಂದ ಬಿಸಿಲು ಅದರ ಎಡ ಅರ್ಧಕ್ಕೆ ಬಡಿದು ಬೆಳ್ಳಗೆ ಹೊಳೆಯುತ್ತದೆ. ಅಲ್ಲಿ ಬರೆದದ್ದು ತಮಗೂ ಕಾಣದು. ಅವಳನ್ನು ಎರಡು ಅಡಿ ಪಕ್ಕಕ್ಕೆ ಸರಿಸಿ, ಇಲ್ಲವೇ ಬಾಗಿಲನ್ನು ಅರ್ಧ ಮುಚ್ಚಿ.

ಇನ್ನು ಒತ್ತು. ನಾವು ಅದನ್ನು ಅವಸರದಲ್ಲಿ, ಸಾಲಿನ ಕೆಳಗೆ, ಸೀಮೆಸುಣ್ಣದ ಮೊಂಡು ತುದಿಯಿಂದ ಒಂದು ಚೂರು ಗೀಚಿ ಮುಂದೆ ಹೋಗುತ್ತೇವೆ. ದೊಡ್ಡದಾಗಿ ಬರೆಯಿರಿ, ಸಾಲಿನ ನಡುವೆ ಜಾಗ ಬಿಡಿ, ಬರೆಯುತ್ತ ಬಾಯಲ್ಲೂ ಹೇಳಿ. ಅವಳು ಎದ್ದು ಬಂದು ಹಲಗೆಗೆ ಮುಖ ಹತ್ತಿರ ಹಿಡಿದು ನೋಡಿದರೆ ‘ಕೂತ್ಕೋ’ ಅನ್ನಬೇಡಿ. ಪುಸ್ತಕಕ್ಕೆ ಇನ್ನೊಂದು ಉಪಾಯ: ಹಳೆಯ ಲಗ್ನಪತ್ರಿಕೆಯ ಗಟ್ಟಿ ರಟ್ಟಿಗೆ ಕಪ್ಪು ಕಾಗದ ಅಂಟಿಸಿ, ಒಂದು ಸಾಲು ಕಾಣುವಷ್ಟು ಉದ್ದನೆಯ ಕಿಂಡಿ ಕತ್ತರಿಸಿ. ಒತ್ತಕ್ಷರಕ್ಕೆ ಜಾಗ ಬೇಕು, ಕಿಂಡಿ ಸ್ವಲ್ಪ ಅಗಲವಿರಲಿ. ಅದನ್ನು ಪುಟದ ಮೇಲಿಟ್ಟು ಸಾಲಿನಿಂದ ಸಾಲಿಗೆ ಜಾರಿಸುತ್ತ ಓದುತ್ತಾಳೆ. ಬಿಳಿ ಕಾಗದದ ಪ್ರಖರತೆ ಕಣ್ಣಿಗೆ ಹೊಡೆಯುವುದಿಲ್ಲ, ಸಾಲು ತಪ್ಪುವುದಿಲ್ಲ. ಒಂದೆರಡು ದಿನಕ್ಕೆ ಕಣ್ಣು ಚೆನ್ನಾಗಿರುವವರೂ ‘ಮಿಸ್, ನಂಗೂ ಒಂದು’ ಎಂದು ಕೇಳುತ್ತಾರೆ. ಎಲ್ಲರಿಗೂ ಮಾಡಿಕೊಡಿ. ಆಗ ಅದು ಅವಳೊಬ್ಬಳ ಸಾಮಾನಾಗಿ ಉಳಿಯುವುದಿಲ್ಲ. ಮಾಡ್ಯೂಲಿನ ಒಂದು ಇಡೀ ಅಧ್ಯಾಯ ಹೇಳಲು ಒದ್ದಾಡುವುದು ಇಷ್ಟನ್ನೇ.

ಶ್ರವಣ ಸಾಧನ ಇರುವ ಹುಡುಗನ ವಿಷಯ ಬೇರೆ. ತಪಾಸಣಾ ಶಿಬಿರವಾಗಿ, ಅಳತೆಯಾಗಿ, ತಿಂಗಳುಗಳ ಮೇಲೆ ಸಾಧನ ಬಂದಿದೆ. ಈಗ ಅದು ಮುಖ್ಯ ಶಿಕ್ಷಕರ ಬೀರುವಿನಲ್ಲಿ, ಲೆನ್ಸು, ಗ್ಲೋಬು, ಸೀಲು ಒಡೆಯದ ಕಲಿಕೋಪಕರಣಗಳ ಪೆಟ್ಟಿಗೆಯ ಜೊತೆ ಭದ್ರವಾಗಿದೆ. ಕೇಳಿದರೆ, ‘ಕಳೆದುಹೋದರೆ ಯಾರ್ ಜವಾಬ್ದಾರಿ ಮೇಡಂ? ಸ್ಟಾಕ್ ರಿಜಿಸ್ಟರಿಗೆ ಎತ್ತಿದೀನಿ.’ ಹೇಗೋ ಒಪ್ಪಿಸಿ ಹೊರಗೆ ತೆಗೆದರೆ ಗುಂಡಿ ಸೆಲ್ಲು ಸತ್ತಿರುತ್ತದೆ. ಊರಿನ ಅಂಗಡಿಯಲ್ಲಿ ಸಿಗುವುದು ಗಡಿಯಾರದ್ದು. ಇದರದ್ದು ಬೇಕಾದರೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ತಾವು ತರಬೇತಿಗೆ ಹೋದ ದಿನ ಅಲ್ಲಿಗೆ ಹೋಗುವವರು ಯಾರಾದರೂ ಸಿಕ್ಕೇ ಸಿಗುತ್ತಾರೆ. ತರಬೇತಿಯಿಂದ ಆ ಹುಡುಗನಿಗೆ ಆಗುವ ಅತಿ ದೊಡ್ಡ ಪ್ರಯೋಜನ ಆ ಸೆಲ್ಲೇ ಆಗಿರಬಹುದು.

ಸೆಲ್ಲು ಹಾಕಿದ ಮೇಲೂ ಅವನಿಗೆ ನಮ್ಮ ಹಾಗೆ ಕೇಳಿಸುವುದಿಲ್ಲ. ಸಾಧನ ಫ್ಯಾನಿನ ಸದ್ದನ್ನೂ ಬೆಂಚು ಎಳೆಯುವ ಸದ್ದನ್ನೂ ಜೊತೆಗೇ ದೊಡ್ಡದು ಮಾಡುತ್ತದೆ. ಅವನು ತುಟಿ ನೋಡುತ್ತಾನೆ. ಆದ್ದರಿಂದ ಹಲಗೆಗೆ ಮುಖ ಮಾಡಿ ಮಾತಾಡಬಾರದು. ಬರೆದು, ತಿರುಗಿ, ಆಮೇಲೆ ಹೇಳಬೇಕು. ಹಿಂದಿನ ಬೆಂಚಿನವಳು ಉತ್ತರ ಹೇಳಿದರೆ ಅದನ್ನು ತಾವು ಮತ್ತೊಮ್ಮೆ ಗಟ್ಟಿಯಾಗಿ ಹೇಳಬೇಕು. ‘ಅರ್ಥ ಆಯ್ತಾ?’ ಎಂದರೆ ಅವನು ಆಯ್ತೆಂದು ತಲೆಯಾಡಿಸುತ್ತಾನೆ. ಎಲ್ಲ ಮಕ್ಕಳೂ ಆಡಿಸುತ್ತಾರೆ. ‘ಏನಂದೆ ಹೇಳು’ ಎಂದು ಕೇಳಿ.

ದೋಷ ನಿವಾರಣೆ

ದೋಷ: ರ‍್ಯಾಂಪ್ ಇದೆ, ಗಾಲಿಕುರ್ಚಿ ಹತ್ತುವುದಿಲ್ಲ. ಪರಿಹಾರ: ಅಳತೆ ನೋಡಿ. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು. ಮೂರು ಮೆಟ್ಟಿಲು ಎಂದರೆ ಒಂದೂವರೆ ಅಡಿ ಎತ್ತರ, 18 ಅಡಿ ರ‍್ಯಾಂಪ್. ತಮ್ಮಲ್ಲಿರುವುದು ಐದು ಅಡಿಯದ್ದು. ಅದು ಮುಖ್ಯ ಶಿಕ್ಷಕರ ಸ್ಕೂಟರನ್ನು ವರಾಂಡಕ್ಕೆ ಏರಿಸಲು ಸರಿಹೋಗುತ್ತದೆ, ಏರಿಸಲಾಗುತ್ತಿದೆ.

ದೋಷ: ಒಂಬತ್ತನೇ ತರಗತಿವರೆಗೆ ಯಾವ ನ್ಯೂನತೆಯೂ ಇರದ ವಿದ್ಯಾರ್ಥಿಗೆ ಹತ್ತನೇ ತರಗತಿಯ ಪರೀಕ್ಷಾ ಅರ್ಜಿ ತುಂಬುವ ಹೊತ್ತಿಗೆ ಕಲಿಕಾ ನ್ಯೂನತೆ ಕಾಣಿಸಿಕೊಂಡಿದೆ. ಪರಿಹಾರ: ಇದು ಗಡಿಬಿಡಿಯಲ್ಲಿ ಮಾಡುವ ರೋಗನಿರ್ಣಯ. ಲಿಪಿಕಾರರು, ಹೆಚ್ಚುವರಿ ಸಮಯ ಅವನಿಗೆ ನ್ಯಾಯವಾಗಿ ಸಿಗಬೇಕಾದವೇ. ಆದರೆ ಅವನ ಮೂರನೇ ತರಗತಿಯ ನೋಟ್‌ಬುಕ್ ಯಾರಾದರೂ ಇಟ್ಟಿದ್ದರೆ ತೆಗೆದು ನೋಡಿ. ಅದರಲ್ಲೂ ‘ಅಮ್ಮ’ ‘ಅಮ’ ಆಗಿದ್ದಿರಬಹುದು, ಅದರ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಬಿದ್ದಿರಬಹುದು.

ದೋಷ: ವಿಕಲಚೇತನ ಹುಡುಗನ ಪಕ್ಕದಲ್ಲಿ ಕೂರುವವನ ತಂದೆ ಬಂದು, ‘ನಮ್ ಹುಡುಗನ್ನ ಅವನ ಹತ್ರ ಕೂರಿಸ್‌ಬ್ಯಾಡಿ ಮೇಡಂ, ಅದೂ ಹಂಗೇ ಆಡಾಕೆ ಕಲ್ತ್ಕೊಂಡುಬುಡ್ತದೆ’ ಎನ್ನುತ್ತಾರೆ. ಪರಿಹಾರ: ಮಾಡ್ಯೂಲಿನ ಪ್ರಕಾರ ಸಮುದಾಯ ಜಾಗೃತಿ ಜಾಥಾ. ವಿಕಲಚೇತನ ಮಗುವಿಗೆ 6ರಿಂದ 18ನೇ ವಯಸ್ಸಿನವರೆಗೆ ನೆರೆಹೊರೆಯ ಶಾಲೆಯಲ್ಲಿ ಉಚಿತವಾಗಿ ಓದುವ ಹಕ್ಕಿದೆ ಎಂದು ಕಾಯ್ದೆ ತೋರಿಸಿಯೂ ಹೇಳಬಹುದು. ನನ್ನ ಮಟ್ಟಿಗೆ ಜಾಥಾಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಆ ತಂದೆಯನ್ನು ಬಿಸಿಯೂಟದ ಹೊತ್ತಿಗೆ ಕರೆದು ಅರ್ಧ ಗಂಟೆ ಸುಮ್ಮನೆ ಕೂರಿಸುವುದು. ಅವರ ಮಗನೇ ಆ ಹುಡುಗನ ತಟ್ಟೆ ತೊಳೆದು ತಂದುಕೊಡುತ್ತಿರುತ್ತಾನೆ.

ದೋಷ: ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಈ ತಿಂಗಳು ಶಾಲೆಗೆ ಬಂದಿಲ್ಲ. ಪರಿಹಾರ: ಇಡೀ ತಾಲ್ಲೂಕಿಗೆ ಅವರು ಬೆರಳೆಣಿಕೆಯಷ್ಟು ಮಂದಿ. ಹಾಸಿಗೆ ಹಿಡಿದ ಮಕ್ಕಳಿಗೆ ಮನೆಗೇ ಹೋಗಿ ಕಲಿಸುವುದೂ ಅವರ ಪಾಲಿನದೇ. ಫೋನ್ ಮಾಡಿ, ಎತ್ತುತ್ತಾರೆ.

ದಾಖಲೆ ಮತ್ತು ಹಿಮ್ಮಾಹಿತಿ

ಮೂರನೇ ದಿನ ಬ್ಯಾನರ್ ಎದುರು ಗುಂಪು ಫೋಟೊ. ಕುಳ್ಳಗಿರುವವರು ಹಿಂದಿನ ಸಾಲಿಗೆ ಹೋಗದಂತೆ ನೋಡಿಕೊಳ್ಳಲಾಗುವುದು. ಇಡೀ ತರಬೇತಿಯಲ್ಲಿ ಎಲ್ಲರೂ ಕಾಣುವ ಹಾಗೆ ಜಾಗ ಹೊಂದಿಸುವುದು ಇದೊಂದು ಸಂದರ್ಭದಲ್ಲಿ ಮಾತ್ರ. ಬಳಿಕ ಹಿಮ್ಮಾಹಿತಿ ನಮೂನೆ. ‘ತರಬೇತಿಯು ಹೇಗಿತ್ತು?’ ಎಂಬುದಕ್ಕೆ ಅತ್ಯುತ್ತಮ, ಉತ್ತಮ, ಸಾಧಾರಣ ಎಂಬ ಮೂರು ಚೌಕಗಳಿವೆ. ಸಾಧಾರಣಕ್ಕೆ ಗುರುತು ಹಾಕಿದವರಿಗೆ ಕಾರಣ ಬರೆಯಲು ಜಾಗ ಬಿಟ್ಟಿಲ್ಲ.

ಜಾಗ ಬಿಟ್ಟಿದ್ದರೆ ನಾನೊಂದು ಸಲಹೆ ಬರೆಯುತ್ತಿದ್ದೆ. ಕ್ಲಸ್ಟರಿನಲ್ಲಿ ತಿಂಗಳಿಗೊಮ್ಮೆ ಸಮಾಲೋಚನಾ ಸಭೆ ಹೇಗೂ ಇದೆ. ಸುತ್ತೋಲೆ ಓದುವುದು ಒಂದು ಗಂಟೆಯಲ್ಲಿ ಮುಗಿಯುತ್ತದೆ. ಉಳಿದ ಹೊತ್ತಿನಲ್ಲಿ ಪ್ರತಿಯೊಬ್ಬರೂ ತಮಗೆ ಅರ್ಥವಾಗದ ಒಂದು ಮಗುವಿನ ಒಂದು ನೋಟ್‌ಬುಕ್ ತರಲಿ. ನೆಲಮಹಡಿಯ ಕೋಣೆಯಲ್ಲಿ ಸುತ್ತ ಕೂತು ಅದನ್ನು ಕೈಯಿಂದ ಕೈಗೆ ದಾಟಿಸಿ ಓದಲಿ: ಇಲ್ಲಿ ಯಾಕೆ ಒತ್ತು ಬಿಟ್ಟಿದೆ, ಇಲ್ಲಿ ಯಾಕೆ ಪುಟ ಖಾಲಿಯಿದೆ. ಮೂವತ್ತು ವರ್ಷ ಪಾಠ ಮಾಡಿದ ಮೇಡಂ ಹೇಳಲಿ, ಹೋದ ವರ್ಷ ಸೇರಿದವರು ಬರೆದುಕೊಳ್ಳಲಿ, ಅದಲುಬದಲಾದರೂ ಆದೀತು. ಮುಂದಿನ ತಿಂಗಳು ಅದೇ ಮಗುವಿನ ಅದೇ ನೋಟ್‌ಬುಕ್ ಮತ್ತೆ ಬರಲಿ.

ಇದನ್ನು ಒಮ್ಮೆ ಸಭೆಯಲ್ಲಿ ಬಾಯಿಬಿಟ್ಟು ಹೇಳಿದ್ದೂ ಆಯಿತು. ಎಲ್ಲರೂ ಒಪ್ಪಿದರು. ‘ಇದಕ್ಕೆ ಅನುದಾನ ಎಷ್ಟು ಬೇಕಾಗುತ್ತೆ?’ ಎಂದು ಕೇಳಿದರು. ಏನೂ ಬೇಡ ಎಂದೆ. ಅಲ್ಲಿಗೆ ಮಾತು ನಿಂತಿತು. ದುಡ್ಡೇ ಖರ್ಚಾಗದ ಕಾರ್ಯಕ್ರಮಕ್ಕೆ ಹಣ ಬಳಕೆ ಪ್ರಮಾಣಪತ್ರವನ್ನು ಯಾವ ನಮೂನೆಯಲ್ಲಿ ಸಲ್ಲಿಸಬೇಕೆಂದು ಕಚೇರಿಯಿಂದ ಸ್ಪಷ್ಟೀಕರಣ ಕೋರಲಾಗಿದೆ.